ವ್ಯಾಪಾರಕ್ಕೆ ಹೊಸ ಸಾಫ್ಟ್‌ವೇರ್ ಆರಿಸುವ ಮುನ್ನ: ಸಂತ ಮತ್ತಾಯರ ಹಬ್ಬದ ಚಿಂತನೆ



ಸೆಪ್ಟೆಂಬರ್ 21ರಂದು ಧರ್ಮಸಭೆಯು ಪ್ರೇಷಿತರೂ ಶುಭಸಂದೇಶಕಾರರೂ ಆದ ಸಂತ ಮತ್ತಾಯರ ಹಬ್ಬವನ್ನು ಆಚರಿಸುತ್ತದೆ. ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಈ ಲೆಕ್ಕದ ಮನುಷ್ಯನನ್ನು ಪ್ರಭು ಯೇಸು ಕಂಡರು, ಕರೆದರು; ಅವರು ಎದ್ದು ಪ್ರಭುವಿನ ಹಿಂದೆ ನಡೆದರು (ಮತ್ತಾಯ 9:9). ಕಟ್ಟೆಯನ್ನು ಬಿಟ್ಟು ಬಂದರೂ ಲೆಕ್ಕ ಬಲ್ಲವನ ಕಣ್ಣು ಅವರನ್ನು ಬಿಡಲಿಲ್ಲ. ಕ್ಷಮಿಸಲಾರದ ಸಾಲಗಾರನ ಸಾಮತಿ, ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ, ಮೀನಿನ ಬಾಯಿಯಲ್ಲಿ ಸಿಕ್ಕ ತೆರಿಗೆಯ ನಾಣ್ಯ – ಈ ಮೂರನ್ನೂ ನಮಗೆ ತಿಳಿಸಿದ್ದು ಮತ್ತಾಯರ ಶುಭಸಂದೇಶವೊಂದೇ. ಲೆಕ್ಕಿಗರು, ಬ್ಯಾಂಕಿನವರು, ತೆರಿಗೆ ಇಲಾಖೆಯವರು ಅವರನ್ನು ತಮ್ಮ ಪಾಲಕ ಸಂತರೆಂದು ಗೌರವಿಸುವುದು ಸಹಜವೇ ಆಗಿದೆ.

2025ರಲ್ಲಿ ಸೆಪ್ಟೆಂಬರ್ 21 ಭಾನುವಾರವಾಗಿತ್ತು. ಸಾಧಾರಣ ಕಾಲದ 25ನೆಯ ಭಾನುವಾರವಾದ್ದರಿಂದ ಅಂದಿನ ಬಲಿಪೂಜೆಯಲ್ಲಿ ಓದಿದ್ದು ಸಂತ ಲೂಕರ 16ನೆಯ ಅಧ್ಯಾಯ: ಯಜಮಾನನು ಕರೆದು ಲೆಕ್ಕ ಕೇಳಿದ ಮೇಲ್ವಿಚಾರಕನ ಸಾಮತಿ. ಮರುದಿನ ಸೋಮವಾರ, ಸೆಪ್ಟೆಂಬರ್ 22ರಂದು ದೇಶದಾದ್ಯಂತ ಜಿಎಸ್‌ಟಿ ದರಗಳು ಬದಲಾದವು. ಸೋಪು, ಟೂತ್‌ಪೇಸ್ಟ್, ಬಿಸ್ಕತ್ತುಗಳ ತೆರಿಗೆ ಶೇಕಡ 18ರಿಂದ 5ಕ್ಕೆ ಇಳಿಯಿತು. ಸಿಮೆಂಟಿನದು 28ರಿಂದ 18ಕ್ಕೆ ಬಂತು. ಮಕ್ಕಳ ನೋಟ್‌ಬುಕ್ಕಿಗೆ ತೆರಿಗೆಯೇ ಇಲ್ಲವಾಯಿತು. ಮಡಿಕೇರಿಯಿರಲಿ, ಸೋಮವಾರಪೇಟೆಯಿರಲಿ, ಕುಶಾಲನಗರವಿರಲಿ, ನೋಂದಾಯಿತ ಅಂಗಡಿಗಳವರು ನೂರಾರು ಸಾಮಾನುಗಳ ದರವನ್ನು ಒಂದೇ ರಾತ್ರಿಯಲ್ಲಿ ತಿದ್ದಬೇಕಾಯಿತು. ಕೆಲವರ ಸಾಫ್ಟ್‌ವೇರ್‌ಗೆ ಇದು ಹತ್ತು ನಿಮಿಷದ ಕೆಲಸ. ಇನ್ನು ಕೆಲವರದು ಒಂದೊಂದೇ ಸಾಮಾನಿನ ಹೆಸರು ಹುಡುಕಿ ತಿದ್ದುವ ಪಾಡು.

ಇಂತಹ ದಿನಗಳಲ್ಲಿಯೇ ಮನೆಗಳಲ್ಲಿ ಮಾತು ಏಳುವುದು: "ಹೊಸ ಸಾಫ್ಟ್‌ವೇರ್ ತಗೊಳ್ಳೋಣವೇ? ಯಾವುದು ತಗೊಳ್ಳೋಣ?" ಏಜೆಂಟರು ಒಂದು ಹೇಳುತ್ತಾರೆ, ಬೆಂಗಳೂರಿನಲ್ಲಿರುವ ಮಗ ಇನ್ನೊಂದು ಹೇಳುತ್ತಾನೆ, ಪಕ್ಕದಂಗಡಿಯವರು ಮೂರನೆಯದನ್ನು ಹೊಗಳುತ್ತಾರೆ. ಈ ಪ್ರಶ್ನೆಗೆ ಹಬ್ಬದ ಬೆಳಕಿನಲ್ಲಿ ಉತ್ತರ ಹುಡುಕೋಣ.

ಸಾಫ್ಟ್‌ವೇರ್ ಎಂದರೆ ಒಬ್ಬ ರೈಟರ್

ಕೊಡಗಿನಲ್ಲಿ ತೋಟದ ಲೆಕ್ಕ ನೋಡಿಕೊಳ್ಳುವವನನ್ನು ರೈಟರ್ ಎನ್ನುತ್ತೇವೆ. ಹಾಜರಿ ಹಾಕುವುದು, ಮುಂಗಡ ಬರೆಯುವುದು, ಗೊಬ್ಬರದ ಚೀಲ ಎಣಿಸುವುದು, ವಾರದ ಬಟವಾಡೆಗೆ ಪಟ್ಟಿ ಮಾಡುವುದು ಅವನ ಕೆಲಸ. ಶುಭಸಂದೇಶದ ಮೇಲ್ವಿಚಾರಕನೂ ಅಂಥವನೇ. ಹೊಸ ಸಾಫ್ಟ್‌ವೇರ್ ತರುವುದೆಂದರೆ ಹೊಸ ರೈಟರನ್ನು ನೇಮಿಸಿಕೊಂಡಂತೆ. ರೈಟರ್ ಎಷ್ಟೇ ಚುರುಕಾಗಿದ್ದರೂ ಲೆಕ್ಕಕ್ಕೆ ಹೊಣೆ ಯಜಮಾನನೇ. "ಕಂಪ್ಯೂಟರ್ ಹಾಗೆ ತೋರಿಸಿತು" ಎಂಬ ಉತ್ತರ ಗಿರಾಕಿಯ ಮುಂದೆಯೂ ನಡೆಯದು, ದೇವರ ಮುಂದೆಯೂ ನಡೆಯದು.

ನಮ್ಮ ಹಿರಿಯರಲ್ಲಿ ಅನೇಕರಿಗೆ ಈ ಹೊಣೆ ಹೊಸದಾಗಿಯೇ ಬಂದಿತು. 1942ರ ಕಾಫಿ ಕಾಯ್ದೆಯ ವ್ಯವಸ್ಥೆಯಲ್ಲಿ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸುತ್ತಿದ್ದರು. ಮಾರಾಟ ಬೋರ್ಡಿನದು, ಹಣ ಕಂತುಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ಅಂದಿನಿಂದ ಯಾರಿಗೆ, ಯಾವಾಗ, ಯಾವ ಬೆಲೆಗೆ ಮಾರಬೇಕೆಂಬುದು ಬೆಳೆಗಾರನ ತೀರ್ಮಾನ. ಬೋರ್ಡಿನ ಮೇಜಿನ ಮೇಲಿದ್ದ ಲೆಕ್ಕದ ಪುಸ್ತಕ ನಮ್ಮ ಊಟದ ಮೇಜಿಗೆ ಬಂದು ಕುಳಿತಿತು.

ಲೆಕ್ಕದ ವಿದ್ಯೆಗೂ ಧರ್ಮಸಭೆಗೂ ಹಳೆಯ ನಂಟಿದೆ. ಜಮೆ-ಖರ್ಚನ್ನು ಎರಡು ಕಡೆ ಬರೆಯುವ ಜೋಡಿ ನಮೂದಿನ ಪದ್ಧತಿಯನ್ನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತಮ್ಮ ಗಣಿತ ಗ್ರಂಥದಲ್ಲಿ ವಿವರಿಸಿದವರು ಲೂಕಾ ಪಾಚೋಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ. ವ್ಯಾಪಾರಿಯ ಮೊದಲ ಪುಸ್ತಕಕ್ಕೆ ಶಿಲುಬೆಯ ಗುರುತು ಹಾಕುವ ರೂಢಿಯನ್ನೂ ಅವರು ಹೇಳಿದ್ದಾರೆ. ಇಂದಿನ ಲೆಕ್ಕದ ಸಾಫ್ಟ್‌ವೇರುಗಳೆಲ್ಲ ಒಳಗೆ ನಡೆಯುವುದು ಆ ಜೋಡಿ ನಮೂದಿನ ಮೇಲೆಯೇ.

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆಯಿದೆ. ದೇಶದ ಅಂಗಡಿ ಅಂಗಡಿಗಳಲ್ಲಿ ಹೆಸರಾದ ಟ್ಯಾಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, 1986ರಲ್ಲಿ. ಬಟ್ಟೆ ಗಿರಣಿಗಳಿಗೆ, ಕಾರ್ಖಾನೆಗಳಿಗೆ ಕಚ್ಚಾಮಾಲು ಮತ್ತು ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಕುಳಿತು ಬರೆದುಕೊಟ್ಟರು. 2020ರಲ್ಲಿ ಭರತ್ ಅವರಿಗೆ ಪದ್ಮಶ್ರೀ ಸಂದಿತು. ಇಲ್ಲಿ ಗಮನಿಸಬೇಕಾದದ್ದು ಕ್ರಮವನ್ನು: ಮೊದಲು ಅಗತ್ಯವಿತ್ತು, ಆಮೇಲೆ ಸಾಫ್ಟ್‌ವೇರ್ ಬಂತು. ನಾವು ಅನೇಕರು ಇದನ್ನು ತಿರುಗಿಸುತ್ತೇವೆ. ಮೊದಲು ಸಾಫ್ಟ್‌ವೇರ್ ಕೊಂಡು, ಆಮೇಲೆ ನಮ್ಮ ವ್ಯಾಪಾರವನ್ನು ಅದರೊಳಗೆ ತುರುಕಲು ಹೆಣಗುತ್ತೇವೆ.

ಹಾಗಾಗಿ ಕಂಪ್ಯೂಟರ್ ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ನಾನು ಯಾರ್‍ಯಾರಿಗೆ ಲೆಕ್ಕ ಒಪ್ಪಿಸಬೇಕು? ಗಿರಾಕಿಗೆ, ಕೆಲಸಗಾರನಿಗೆ, ಸರ್ಕಾರಕ್ಕೆ, ಮನೆಯವರಿಗೆ, ಕೊನೆಗೆ ದೇವರಿಗೆ. ಈ ಐವರ ಮುಂದೆ ನಿಲ್ಲಬಲ್ಲ ಲೆಕ್ಕವನ್ನು ಬರೆದುಕೊಡುವುದೇ ಒಳ್ಳೆಯ ಸಾಫ್ಟ್‌ವೇರ್.

ಗಿರಾಕಿಗೆ ಕೊಡುವ ಲೆಕ್ಕ

ತೂಕ, ಅಳತೆ, ಬೆಲೆ ಸರಿಯಾಗಿರಬೇಕೆಂಬುದು ಹಳೆಯ ಒಡಂಬಡಿಕೆಯ ಕಾಲದಿಂದಲೂ ಬಂದ ಕಟ್ಟಳೆ (ಯಾಜಕಕಾಂಡ 19:36). ನಮ್ಮ ಜಿಲ್ಲೆಯಲ್ಲಿ ಅಳತೆಯೇ ಒಂದು ವಿಶೇಷ. ಅಕ್ಕಿಯಂತೆ ಕಿಲೋ ಗುಣಿಸು ದರ ಎಂದರೆ ರೊಬಸ್ಟಾ ಚೆರಿಯ ಲೆಕ್ಕ ಮುಗಿಯುವುದಿಲ್ಲ. 50 ಕಿಲೋ ಚೀಲದಿಂದ ಎಷ್ಟು ಕಿಲೋ ಶುದ್ಧ ಬೇಳೆ ಬರುತ್ತದೆಂಬ ಔಟ್‌ಟರ್ನ್ ನೋಡಿ, ಪಾಯಿಂಟಿಗೆ ಇಷ್ಟೆಂದು ವ್ಯಾಪಾರ ಕುದುರುತ್ತದೆ. ತೇವಾಂಶಕ್ಕೂ ಕಡಿತವಿರುತ್ತದೆ. ಉದಾಹರಣೆಗೆ ಪಾಯಿಂಟಿಗೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ಔಟ್‌ಟರ್ನ್ 26 ಆದರೆ ಚೀಲಕ್ಕೆ 7,800 ರೂಪಾಯಿ. 28 ಆದರೆ 8,400. ಚೀಲಕ್ಕೆ 600 ರೂಪಾಯಿ ವ್ಯತ್ಯಾಸವೆಂದರೆ ನೂರು ಚೀಲಕ್ಕೆ 60,000. ಕಾಫಿ ಕೊಳ್ಳುವ ವ್ಯಾಪಾರಿಯ ಸಾಫ್ಟ್‌ವೇರ್ ಈ ಔಟ್‌ಟರ್ನನ್ನು ಬಿಲ್ಲಿನ ಮೇಲೆ ತೋರಿಸದೆ ಬರೀ ಒಟ್ಟು ಮೊತ್ತ ಅಚ್ಚು ಹಾಕಿದರೆ, ಚೀಲ ತಂದ ಸಣ್ಣ ಬೆಳೆಗಾರನಿಗೆ ತನ್ನ ಬೆಲೆ ಹೇಗೆ ಬಂತೆಂದು ತಿಳಿಯುವುದೇ ಇಲ್ಲ.

ಆದ್ದರಿಂದ ಡೆಮೊ ನೋಡುವಾಗ ಏಜೆಂಟರು ತಂದ ಚೆಂದದ ಉದಾಹರಣೆಗಳಿಗೆ ತೃಪ್ತರಾಗಬೇಡಿ. ನಿಮ್ಮ ಅಂಗಡಿಯ ಕಳೆದ ವಾರದ ಇಪ್ಪತ್ತು ನಿಜವಾದ ವ್ಯವಹಾರಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಅವುಗಳಲ್ಲಿ ಸುಲಭದವು ಹತ್ತು ಸಾಕು. ಉಳಿದ ಹತ್ತು ತೊಡಕಿನವು ಇರಲಿ: ಅರ್ಧ ಹಣ ಕೊಟ್ಟು ಅರ್ಧ ಬಾಕಿ ಇಟ್ಟ ಗಿರಾಕಿ, ಸಾಮಾನು ಹಿಂದಿರುಗಿಸಿದವರು, ಮುಂಗಡ ಕೊಟ್ಟು ಹೋಮ್‌ಸ್ಟೇ ಬುಕಿಂಗ್ ರದ್ದು ಮಾಡಿದವರು, ಡಜನ್‌ನಲ್ಲಿ ಕೊಂಡು ಬಿಡಿಯಾಗಿ ಮಾರಿದ ವಸ್ತು, ಕಾಫಿ ಬಂದ ಮೇಲೆ ಕೊಡುತ್ತೇನೆಂದು ಗೊಬ್ಬರ ಒಯ್ದ ಬೆಳೆಗಾರ. "ಇವನ್ನು ನನ್ನ ಕಣ್ಣ ಮುಂದೆ ಹಾಕಿ ತೋರಿಸಿ" ಎನ್ನಿ. "ಅದನ್ನು ಆಮೇಲೆ ಮಾಡಿಕೊಡುತ್ತೇವೆ" ಎಂಬ ಮಾತು ಬಂದರೆ, ಸದ್ಯಕ್ಕೆ ಅದು ಇಲ್ಲವೆಂದೇ ತಿಳಿಯಿರಿ.

ಕೆಲಸಗಾರನಿಗೆ ಕೊಡುವ ಲೆಕ್ಕ

ದ್ರಾಕ್ಷಿತೋಟದ ಯಜಮಾನನು ಸಂಜೆಯಾದೊಡನೆ ಕೂಲಿಯಾಳುಗಳನ್ನು ಕರೆಸಿ ಕೂಲಿ ಕೊಡಿಸಿದನು (ಮತ್ತಾಯ 20:8). ತಡೆಹಿಡಿದ ಕೂಲಿ ದೇವರಿಗೆ ಕೇಳುವಂತೆ ಕೂಗಿಡುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ (ಯಕೋಬ 5:4). ತೋಟದ ಚೆಕ್‌ರೋಲ್ ಬರೀ ಒಂದು ಪಟ್ಟಿಯಲ್ಲ, ಒಂದು ಕುಟುಂಬದ ವಾರದ ಅನ್ನ.

ಕೊಯ್ಲಿನ ಕಾಲದಲ್ಲಿ ದಿನಗೂಲಿ ಮಾತ್ರವಲ್ಲ, ಕೊಯ್ದ ಕಿಲೋ ಲೆಕ್ಕದ ಕೂಲಿಯೂ ಇರುತ್ತದೆ. ಮುಂಗಡ ಹಿಡಿಯುವುದಿರುತ್ತದೆ, ಅಂಗಡಿಯಿಂದ ತಂದ ಅಕ್ಕಿ-ಎಣ್ಣೆಯ ಬಾಬತ್ತು ಇರುತ್ತದೆ. ಕಾಗದದ ಪುಸ್ತಕದಲ್ಲಿ ರೈಟರ್ ಬೆರಳಿಟ್ಟು ತೋರಿಸಿ, "ನೋಡಮ್ಮ, ಮಂಗಳವಾರ ಅರ್ಧ ದಿನ, ಮುಂಗಡ ಐನೂರು" ಎಂದು ಹೇಳಬಲ್ಲ. ಕಂಪ್ಯೂಟರ್ ಬಂದ ಮೇಲೆ ಆ ಬೆರಳು ಮಾಯವಾಗಬಾರದು. ಕೂಲಿಯ ಚೀಟಿ ಕನ್ನಡದಲ್ಲಿ ಅಚ್ಚಾಗುತ್ತದೆಯೇ? ದಿನ, ಕಿಲೋ, ಮುಂಗಡ, ಕೈಗೆ ಬಂದ ಹಣ – ಬಿಡಿಬಿಡಿಯಾಗಿ ಕಾಣುತ್ತದೆಯೇ? ಇದನ್ನು ಮೊದಲೇ ಪರೀಕ್ಷಿಸಿ. ಪರದೆಯಲ್ಲಿ ಕನ್ನಡ ಸರಿಯಾಗಿ ಕಂಡು, ಅಚ್ಚಿನಲ್ಲಿ ಒತ್ತಕ್ಷರಗಳು ಚದುರಿಹೋಗುವುದುಂಟು. ಹಾಗಾಗಿ ಒಂದು ಚೀಟಿಯನ್ನು ಅಚ್ಚು ಹಾಕಿಸಿಯೇ ನೋಡಿ.

ಕೆಲಸಗಾರರಲ್ಲಿ ಲೆಕ್ಕ ಬರೆಯುವವನೂ ಸೇರಿದ್ದಾನೆ. ಇಪ್ಪತ್ತು ವರ್ಷ ಪುಸ್ತಕ ಬರೆದವನಿಗೆ "ನಾಳೆಯಿಂದ ಕಂಪ್ಯೂಟರ್" ಎಂದರೆ ಮನಸ್ಸಿನಲ್ಲಿ ಮೂಡುವ ಮೊದಲ ಮಾತು "ನನ್ನ ಕೆಲಸ ಹೋಯಿತು" ಎಂಬುದು. 1891ರಲ್ಲಿ ಜಗದ್ಗುರು 13ನೆಯ ಲಿಯೋ ಅವರು ರೇರುಮ್ ನೊವಾರುಮ್ ವಿಶ್ವಪತ್ರದಲ್ಲಿ ಕಾರ್ಮಿಕನ ಘನತೆಯನ್ನು ಎತ್ತಿಹಿಡಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು 14ನೆಯ ಲಿಯೋ ಅವರು, ಹೊಸ ಯಂತ್ರಬುದ್ಧಿಯ ಕಾಲದಲ್ಲಿ ಅದೇ ಘನತೆಯ ಪ್ರಶ್ನೆ ಮತ್ತೆ ಎದ್ದಿರುವುದರಿಂದಲೂ ಆ ಹೆಸರನ್ನು ಆರಿಸಿಕೊಂಡೆನೆಂದು ಕಾರ್ಡಿನಲರಿಗೆ ತಿಳಿಸಿದರು. ನಮ್ಮ ಮಟ್ಟದಲ್ಲಿ ಇದರ ಅರ್ಥ ಸರಳ: ಸಾಫ್ಟ್‌ವೇರ್ ಆರಿಸುವಾಗ ಆ ರೈಟರನ್ನೋ ಕೌಂಟರಿನ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ದಿನಕ್ಕೆ ನೂರು ಸಲ ಅದನ್ನು ಮುಟ್ಟುವವರು ಅವರು. ತೊಡಕು ಎಲ್ಲಿದೆಯೆಂದು ಅವರಿಗೇ ಮೊದಲು ಗೊತ್ತಾಗುತ್ತದೆ. ಕಲಿಯಲು ಕಾಲಾವಕಾಶ ಕೊಟ್ಟರೆ ಹಳೆಯ ಕೈಯೇ ಹೊಸ ಯಂತ್ರಕ್ಕೆ ಒಳ್ಳೆಯ ಕೈಯಾಗುತ್ತದೆ.

ಸರ್ಕಾರಕ್ಕೆ ಕೊಡುವ ಲೆಕ್ಕ

ಸೀಸರನದನ್ನು ಸೀಸರನಿಗೆ ಸಲ್ಲಿಸಬೇಕೆಂಬ ಪ್ರಭುವಿನ ಮಾತನ್ನು ಬಲ್ಲೆವು (ಮತ್ತಾಯ 22:21). ಆದರೆ ಎಷ್ಟು ಸಲ್ಲಿಸಬೇಕೆಂದು ತಿಳಿಯಲು ಲೆಕ್ಕ ಬೇಕು.

2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ನಡೆದದ್ದು ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆಯು ಬೇಕರಿ, ಕಾಂಡಿಮೆಂಟ್ಸ್, ಹಾಲು-ತರಕಾರಿ ಅಂಗಡಿಗಳವರಿಗೆ ನೋಟಿಸು ಕಳಿಸಿತು. ಹಾಲು, ತರಕಾರಿ ಮಾರಿದವರಿಗೆ ತೆರಿಗೆ ಇರಲಿಲ್ಲ. ಸಾಲವಾಗಿ ಬಂದ ಹಣ, ನೆಂಟರು ಕಳಿಸಿದ ಹಣವೂ ಅದೇ ಖಾತೆಗೆ ಬಿದ್ದಿತ್ತು. ಆದರೆ ಯಾವುದು ಏನೆಂದು ಬೇರ್ಪಡಿಸಿ ತೋರಿಸಲು ಎಷ್ಟೋ ಜನರಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಪ್ರತಿಭಟನೆಯ ನಂತರ ಸರ್ಕಾರವು ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸಮಾಧಾನ ಹೇಳಿತು. ಆದರೂ ಆ ವಾರಗಳಲ್ಲಿ ಸಣ್ಣ ವ್ಯಾಪಾರಿಗಳು ಪಟ್ಟ ಭಯ ಸಣ್ಣದಲ್ಲ. ದುಬಾರಿ ಸಾಫ್ಟ್‌ವೇರ್ ಇಲ್ಲದಿದ್ದರೂ ಚಿಂತೆಯಿಲ್ಲ. ಅಂಗಡಿಗೊಂದು, ಮನೆಗೊಂದು ಬ್ಯಾಂಕ್ ಖಾತೆ ಇಟ್ಟುಕೊಳ್ಳುವುದು ಮೊದಲ ಹೆಜ್ಜೆ.

ಸಾಫ್ಟ್‌ವೇರ್ ಕೊಳ್ಳುವವರು ಈ ಕೆಳಗಿನವನ್ನು ಕೇಳಿ ತಿಳಿಯಬೇಕು.

ಒಂದು, ನೀವು ಯಾವ ಗುಂಪಿನವರು? ರಾಜ್ಯದೊಳಗೆ ಸಾಮಾನು ಮಾತ್ರ ಮಾರುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸ್ವಂತ ಜಮೀನಿನ ಬೆಳೆ ಮಾರುವ ಕೃಷಿಕನಿಗೆ ಆ ಮಾರಾಟದ ಮಟ್ಟಿಗೆ ನೋಂದಣಿ ಬೇಕಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವ ವ್ಯಾಪಾರಿ ಬಿಲ್ಲಿನಲ್ಲಿ ಗಿರಾಕಿಯಿಂದ ತೆರಿಗೆ ಪಡೆಯುವಂತಿಲ್ಲ. ಅವನ ಬಿಲ್ಲಿನ ನಮೂನೆಯೇ ಬೇರೆ. ಸಾಫ್ಟ್‌ವೇರ್ ನಿಮ್ಮ ಗುಂಪಿಗೆ ಹೊಂದಬೇಕು.

ಎರಡು, ಒಂದೇ ವಸ್ತುವಿಗೆ ರೂಪ ಬದಲಾದರೆ ತೆರಿಗೆ ಬದಲಾಗುತ್ತದೆ. ಹುರಿಯದ ಕಾಫಿ ಬೀಜಕ್ಕೆ ತೆರಿಗೆಯಿಲ್ಲ. ಹುರಿದರೆ ಶೇಕಡ 5. ಒಣಗಿಸಿದ ಕರಿಮೆಣಸಿಗೆ ಶೇಕಡ 5. ತೋಟದ ಬಾಗಿಲಲ್ಲೇ ಪುಡಿ ಮಾಡಿ ಪ್ಯಾಕೆಟ್ ಮಾರುವವರು ಇದನ್ನು ಬೇರೆ ಬೇರೆ ಸಾಮಾನಾಗಿ ನಮೂದಿಸುವ ಸೌಲಭ್ಯ ನೋಡಬೇಕು.

ಮೂರು, ದರವು ತಾರೀಖಿಗೆ ಅಂಟಿಕೊಂಡಿರಬೇಕು. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೋಣೆಯ ತೆರಿಗೆ 2025ರ ಸೆಪ್ಟೆಂಬರ್ 22ರಂದು 12ರಿಂದ 5ಕ್ಕೆ ಇಳಿಯಿತು. ಆಗಸ್ಟಿನಲ್ಲಿ ಕೊಟ್ಟ ಬಿಲ್ಲನ್ನು ಇಂದು ತೆರೆದರೂ ಅದು ಹಳೆಯ ದರವನ್ನೇ ತೋರಿಸಬೇಕು. ಹೊಸ ದರ ಹಾಕಿದೊಡನೆ ಹಳೆಯ ಬಿಲ್ಲುಗಳೂ ಬದಲಾಗುವ ಸಾಫ್ಟ್‌ವೇರ್ ಅಪಾಯಕಾರಿ.

ನಾಲ್ಕು, ಹಳೆಯ ಲೆಕ್ಕ ಉಳಿಯಬೇಕು. ಜಿಎಸ್‌ಟಿ ಕಾಯ್ದೆಯ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಇಟ್ಟುಕೊಂಡಿರಬೇಕು. ಅಂದರೆ ಸಾಫ್ಟ್‌ವೇರ್ ಬದಲಿಸಿದರೂ ಹಳೆಯದನ್ನು ಓದುವ ದಾರಿ ಮುಚ್ಚಿಹೋಗಬಾರದು.

ಮನೆಯವರಿಗೆ ಕೊಡುವ ಲೆಕ್ಕ

2018ರ ಆಗಸ್ಟ್ ತಿಂಗಳನ್ನು ಕೊಡಗಿನವರು ಮರೆಯಲಾರರು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿಯ ಕಡೆ ಬೆಟ್ಟಗಳೇ ಜರಿದವು. ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದಳು. ಜೀವ ಉಳಿಸಿಕೊಂಡು ಉಟ್ಟ ಬಟ್ಟೆಯಲ್ಲಿ ಓಡಿಬಂದವರ ಹಿಂದೆ ಮನೆ, ದನಕರು, ದಾಖಲೆ ಪತ್ರಗಳೆಲ್ಲ ಮಣ್ಣಾದವು. ಪರಿಹಾರಕ್ಕೆ, ಬ್ಯಾಂಕಿಗೆ, ವಿಮೆಗೆ ಹೋದಲ್ಲೆಲ್ಲ ಮೊದಲು ಕೇಳುವುದು ಕಾಗದವನ್ನೇ.

ಆದ್ದರಿಂದ ಸಾಫ್ಟ್‌ವೇರ್ ಆರಿಸುವಾಗ ಎರಡು ಅಪಾಯಗಳನ್ನು ಒಟ್ಟಿಗೆ ನೋಡಬೇಕು. ಲೆಕ್ಕವೆಲ್ಲ ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿದ್ದರೆ ನೀರು, ಸಿಡಿಲು, ಕಳ್ಳತನಕ್ಕೆ ಅದು ಒಂದೇ ತುತ್ತು. ಲೆಕ್ಕವೆಲ್ಲ ಇಂಟರ್‌ನೆಟ್ಟಿನ ಮೂಲಕ ದೂರದ ಕಂಪ್ಯೂಟರಿನಲ್ಲಿ, ಅಂದರೆ ಕ್ಲೌಡಿನಲ್ಲಿದ್ದರೆ ಅದು ಪ್ರವಾಹಕ್ಕೆ ಸಿಗುವುದಿಲ್ಲ, ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗಾಲದಲ್ಲಿ ಕರೆಂಟೂ ಟವರೂ ಕೈಕೊಟ್ಟ ದಿನ ಒಂದು ಬಿಲ್ಲು ಕೂಡ ಹಾಕಲಾಗದೆ ಕೂರಬೇಕಾದೀತು. ಹಾಗಾಗಿ ಏಜೆಂಟರ ಎದುರಿನಲ್ಲೇ ಇಂಟರ್‌ನೆಟ್ ತೆಗೆದುಹಾಕಿ ಒಂದು ಬಿಲ್ಲು ಹಾಕಿಸಿ ನೋಡಿ. ಸಂಪರ್ಕವಿಲ್ಲದಾಗಲೂ ಕೆಲಸ ಮಾಡಿ, ಸಂಪರ್ಕ ಬಂದಾಗ ತಾನಾಗಿಯೇ ಮೇಲೆ ಕಳಿಸುವಂತಹದು ನಮ್ಮ ಊರುಗಳಿಗೆ ಒಗ್ಗುತ್ತದೆ.

ಪ್ರತಿಗಳ ವಿಷಯದಲ್ಲಿ ತಿಳಿದವರು ಹೇಳುವ ಒಂದು ಸುಲಭ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ಮೈಸೂರಿನಲ್ಲಿ ಓದುವ ಮಗಳ ಬಳಿ ತಿಂಗಳಿಗೊಮ್ಮೆ ಒಂದು ಪೆನ್‌ಡ್ರೈವ್ ಕಳಿಸಿದರೂ ಅರ್ಧ ಭಯ ದೂರವಾಗುತ್ತದೆ. ಪ್ರತಿ ತೆಗೆದಿಟ್ಟರೆ ಸಾಲದು, ವರ್ಷಕ್ಕೊಮ್ಮೆಯಾದರೂ ಆ ಪ್ರತಿಯಿಂದ ಲೆಕ್ಕ ತೆರೆದುಕೊಳ್ಳುತ್ತದೆಯೇ ಎಂದು ನೋಡಬೇಕು.

ಇನ್ನೊಂದು ವಿಷಯವನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳಲೇಬೇಕು. ಮನೆಯ ಯಜಮಾನ ಹಠಾತ್ತನೆ ಕಣ್ಮುಚ್ಚಿದರೆ ಪಾಸ್‌ವರ್ಡ್ ಯಾರಿಗೆ ಗೊತ್ತು? ಯಾರು ನಮಗೆ ಕೊಡಬೇಕು, ನಾವು ಯಾರಿಗೆ ಕೊಡಬೇಕು ಎಂಬುದೆಲ್ಲ ಒಂದು ಮುಚ್ಚಿದ ಪರದೆಯ ಹಿಂದೆ ಉಳಿದರೆ, ಆ ವಿಧವೆಯ ದುಃಖದ ಮೇಲೆ ಇನ್ನೊಂದು ಭಾರ ಬೀಳುತ್ತದೆ. ಕಾಗದದ ಪುಸ್ತಕಕ್ಕೆ ಬೀಗವಿರಲಿಲ್ಲ. ಯಾರಾದರೂ ತೆರೆದು ಓದಬಹುದಿತ್ತು. ಪತಿ-ಪತ್ನಿ ಇಬ್ಬರ ಹೆಸರಿನಲ್ಲೂ ಪ್ರವೇಶವಿರಲಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಮನೆಯ ಮುಖ್ಯ ದಾಖಲೆಗಳ ಜೊತೆ ಇಡಿ. ವರ್ಷಕ್ಕೊಮ್ಮೆ, ನಿಮ್ಮ ದೇವಾಲಯದ ಹಬ್ಬದ ಹೊತ್ತಿಗೆ, ಬಾಕಿಗಳ ಪಟ್ಟಿಯನ್ನು ಅಚ್ಚು ಹಾಕಿ ಮನೆಯವರೊಂದಿಗೆ ಕುಳಿತು ಓದಿ.

ಇದಕ್ಕೆ ಸೇರಿದ ಇನ್ನೊಂದು ಪ್ರಶ್ನೆ: ಈ ಸಾಫ್ಟ್‌ವೇರನ್ನು ಬಿಡಬೇಕಾದಾಗ ನಮ್ಮ ಲೆಕ್ಕವನ್ನು ಹೊರಗೆ ತರಬಹುದೇ? ಗಿರಾಕಿಗಳ ಪಟ್ಟಿ, ಸಾಮಾನುಗಳ ಪಟ್ಟಿ, ಬಾಕಿ, ಪ್ರತಿಯೊಂದು ಬಿಲ್ಲು – ಎಲ್ಲವೂ ಎಕ್ಸೆಲ್‌ನಂತಹ ಸಾಮಾನ್ಯ ರೂಪದಲ್ಲಿ ಹೊರಬರುತ್ತದೆಯೇ? ವರ್ಷದ ಚಂದಾ ಕಟ್ಟುವುದು ನಿಂತರೆ ಹಳೆಯ ಲೆಕ್ಕ ಓದಲಾದರೂ ಬಿಡುತ್ತಾರೆಯೇ? ಕೊಳ್ಳುವ ದಿನವೇ ಇದನ್ನು ಬರಹದಲ್ಲಿ ಕೇಳಿ. ಕೆಲಸ ಬಿಟ್ಟು ಹೋಗುವಾಗ ಪುಸ್ತಕವನ್ನೂ ಎತ್ತಿಕೊಂಡು ಹೋಗುವ ರೈಟರನ್ನು ಯಾರು ತಾನೇ ನೇಮಿಸಿಕೊಳ್ಳುತ್ತಾರೆ?

ಗೋಪುರ ಕಟ್ಟುವವನ ಖರ್ಚು

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕುತ್ತಾನೆಂದು ಪ್ರಭು ಹೇಳಿದ್ದಾರೆ (ಲೂಕ 14:28-30). ಅಡಿಪಾಯ ಹಾಕಿ ನಿಂತುಹೋದವನನ್ನು ಊರವರು ನಗುತ್ತಾರೆ. ಸಾಫ್ಟ್‌ವೇರಿನ ಬೆಲೆ ಅಡಿಪಾಯ ಮಾತ್ರ. ಗೋಪುರದ ಖರ್ಚು ಐದು ವರ್ಷದ್ದು.

ಊಹೆಯ ಅಂಕಿಗಳಿಂದ ನೋಡೋಣ. ಮೊದಲನೆಯ ಸಾಫ್ಟ್‌ವೇರ್‌ಗೆ ಒಮ್ಮೆಗೆ 20,000 ರೂಪಾಯಿ, ಎರಡನೆಯ ವರ್ಷದಿಂದ ಪ್ರತಿ ವರ್ಷ 4,000. ಐದು ವರ್ಷಕ್ಕೆ 36,000. ಎರಡನೆಯದಕ್ಕೆ ವರ್ಷದ ಚಂದಾ 9,000. ಐದು ವರ್ಷಕ್ಕೆ 45,000. ಮೇಲುನೋಟಕ್ಕೆ ಮೊದಲನೆಯದು ಅಗ್ಗ. ಆದರೆ ಅದಕ್ಕೆ 35,000 ರೂಪಾಯಿಯ ಹೊಸ ಕಂಪ್ಯೂಟರ್ ಬೇಕಾಗಿ, ಎರಡನೆಯದು ಇರುವ ಫೋನಿನಲ್ಲೇ ನಡೆಯುವುದಾದರೆ ಲೆಕ್ಕ ತಿರುಗಿತು. ಪ್ರಿಂಟರ್, ಯುಪಿಎಸ್, ತರಬೇತಿ, ಹಳೆಯ ಲೆಕ್ಕವನ್ನು ಹೊಸದಕ್ಕೆ ಏರಿಸುವ ಕೂಲಿ, ರಿಪೇರಿಗೆ ಮೈಸೂರಿನಿಂದ ಜನ ಬರಬೇಕಾದರೆ ಅದರ ಖರ್ಚು – ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಕೇಳಿಕೊಳ್ಳಿ: ನನ್ನ ವ್ಯಾಪಾರಕ್ಕೆ ಇಷ್ಟು ಬೇಕೇ? ದಿನಕ್ಕೆ ಹತ್ತು ಬಿಲ್ಲಿನ ಅಂಗಡಿಗೆ ಅಚ್ಚುಕಟ್ಟಾದ ಒಂದು ನೋಟ್‌ಬುಕ್ ಸಾಕಾಗಬಹುದು. ಹಾಗೆ ತೀರ್ಮಾನಿಸಿದರೆ ನಾಚಿಕೆಪಡಬೇಕಿಲ್ಲ.

ಬದಲಾಯಿಸುವ ಕಾಲವನ್ನೂ ಆರಿಸಿಕೊಳ್ಳಬೇಕು. ನವೆಂಬರಿನಿಂದ ಮಾರ್ಚಿಯವರೆಗೆ ಅರಬಿಕಾ, ರೊಬಸ್ಟಾ ಕೊಯ್ಲಿನ ಅವಸರ. ಡಿಸೆಂಬರಿನಲ್ಲಿ ಬೇಕರಿ, ಬಟ್ಟೆ ಅಂಗಡಿಗಳಿಗೆ ಕ್ರಿಸ್ಮಸ್ ಗಡಿಬಿಡಿ. ಆ ದಿನಗಳಲ್ಲಿ ಹೊಸದನ್ನು ಕಲಿಯಲಾಗದು. ಕೊಯ್ಲು ಮುಗಿದು ಹೊಸ ಆರ್ಥಿಕ ವರ್ಷ ಹುಟ್ಟುವ ಏಪ್ರಿಲ್ 1 ಬಹುಮಟ್ಟಿಗೆ ಒಳ್ಳೆಯ ದಿನ. ಮಾರ್ಚ್ 31ರ ರಾತ್ರಿ ಸರಕು ಎಣಿಸಿ, ಬಾಕಿಗಳನ್ನು ತಾಳೆ ನೋಡಿ, ಅಲ್ಲಿಂದ ಹೊಸ ಲೆಕ್ಕ ಆರಂಭಿಸಬಹುದು. ಮೊದಲ ಒಂದು ತಿಂಗಳು ಹಳೆಯದನ್ನೂ ಹೊಸದನ್ನೂ ಜೊತೆಜೊತೆಗೆ ನಡೆಸಿ. ಎರಡರ ಉತ್ತರ ಒಂದೇ ಆದಾಗ ಹಳೆಯದನ್ನು ಮುಚ್ಚಿ.

ದೇವರಿಗೆ ಒಪ್ಪಿಸುವ ಲೆಕ್ಕ

ಕೊನೆಗೆ ಬರುವುದು ಎಲ್ಲಕ್ಕಿಂತ ಮೊದಲನೆಯದು. ಕಳ್ಳ ನಕಲಿನ ಸಾಫ್ಟ್‌ವೇರ್ ಇನ್ನೂರು ರೂಪಾಯಿಗೆ ಹಾಕಿಕೊಡುವವರು ಸಿಗುತ್ತಾರೆ. ಮತ್ತೊಬ್ಬನ ದುಡಿಮೆಯನ್ನು ಕದ್ದು ಅದರ ಮೇಲೆ ಪ್ರಾಮಾಣಿಕ ಲೆಕ್ಕ ಬರೆಯುತ್ತೇವೆ ಎನ್ನುವುದು ಹೇಗೆ? "ಕದಿಯಬೇಡ" ಎಂಬ ಕಟ್ಟಳೆ ಕಂಪ್ಯೂಟರಿನೊಳಗೂ ಸಲ್ಲುತ್ತದೆ. ಹಣವಿಲ್ಲದವರಿಗೆ ನ್ಯಾಯವಾದ ದಾರಿಯೂ ಇದೆ. ಗ್ನೂಕ್ಯಾಶ್, ಇಆರ್‌ಪಿನೆಕ್ಸ್ಟ್‌ನಂತಹ ಮುಕ್ತ ತಂತ್ರಾಂಶಗಳನ್ನು ಅವುಗಳ ಕರ್ತೃಗಳೇ ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿದ್ದಾರೆ. ಅವನ್ನು ಹೊಂದಿಸಿಕೊಳ್ಳಲು ತಿಳಿದವರ ನೆರವು ಬೇಕಾಗುತ್ತದೆ, ಅಷ್ಟೆ.

ಇನ್ನೊಂದು ಶೋಧನೆ, ಎರಡು ಪುಸ್ತಕದ್ದು: ಒಂದು ತೋರಿಸಲು, ಒಂದು ಮುಚ್ಚಿಡಲು. ಕೆಲವರು ಸಾಫ್ಟ್‌ವೇರ್ ಕೊಳ್ಳುವಾಗಲೇ "ಬಿಲ್ಲು ಅಳಿಸಲು ಬರುತ್ತದೆಯೇ?" ಎಂದು ವಿಚಾರಿಸುತ್ತಾರೆ. ಯಾರು, ಯಾವಾಗ, ಏನನ್ನು ತಿದ್ದಿದರೆಂಬ ಗುರುತು ಉಳಿಸುವ ಸಾಫ್ಟ್‌ವೇರನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಜಾರಿಯಲ್ಲಿದೆ. ಕುಟುಂಬದ ಸಣ್ಣ ಅಂಗಡಿಗೆ ಆ ನಿಯಮ ತಾಗದಿದ್ದರೂ ನಾವೇ ಅದನ್ನು ಬೇಡಿ ಪಡೆಯುವುದು ಒಳ್ಳೆಯದು. ತಪ್ಪು ನಮೂದನ್ನು ಅಳಿಸದೆ, ಅದರ ಕೆಳಗೆ ತಿದ್ದುಪಡಿ ಬರೆಯುವುದು ಹಳೆಯ ಲೆಕ್ಕಿಗರ ಮರ್ಯಾದೆ. ಅದು ಪಾಪನಿವೇದನೆಯ ಮರ್ಯಾದೆಯೂ ಹೌದು: ಮಾಡಿದ ತಪ್ಪನ್ನು ಇಲ್ಲವೆನ್ನದೆ, ಹೆಸರಿಟ್ಟು ಹೇಳಿ, ಸರಿಪಡಿಸುವುದು.

ಲೂಕರ ಸಾಮತಿಯ ಮೇಲ್ವಿಚಾರಕನಿಗೆ ಕಷ್ಟ ಬಂದಾಗ ಅವನು ಮೊದಲು ಮಾಡಿದ್ದು ಸಾಲಪತ್ರಗಳಲ್ಲಿ ಅಂಕಿ ತಿದ್ದಿಸುವುದನ್ನು. ಪ್ರಭು ಮೆಚ್ಚಿ ತೋರಿಸಿದ್ದು ಅವನ ಮೋಸವನ್ನಲ್ಲ, ಮುಂದಾಲೋಚನೆಯನ್ನು. ಆ ಮುಂದಾಲೋಚನೆಯನ್ನು ಬೆಳಕಿನ ಮಕ್ಕಳೂ ಕಲಿಯಲೆಂಬುದು ಪ್ರಭುವಿನ ಆಶಯ. ಸಣ್ಣದರಲ್ಲಿ ನಂಬಿಗಸ್ತನಾದವನು ದೊಡ್ಡದರಲ್ಲಿಯೂ ನಂಬಿಗಸ್ತನೆಂದು ಅದೇ ಅಧ್ಯಾಯ ಕಲಿಸುತ್ತದೆ. ಒಂದು ಕೂಲಿ ಚೀಟಿ, ಒಂದು ಔಟ್‌ಟರ್ನ್ ಅಂಕಿ, ಒಂದು ಬಾಕಿ ಪಟ್ಟಿ – ಇವೇ ನಮಗೆ ಒಪ್ಪಿಸಿರುವ ಸಣ್ಣವು.

ಹೊಸ ಸಾಫ್ಟ್‌ವೇರ್ ತಂದ ದಿನ ಅದರ ಮುಂದೆ ಒಂದು ಕ್ಷಣ ನಿಂತು, ಹಿರಿಯರು ಹೊಸ ಪುಸ್ತಕ ತೆರೆಯುವಾಗ ಮಾಡುತ್ತಿದ್ದಂತೆ ಶಿಲುಬೆಯ ಗುರುತು ಹಾಕಿಕೊಳ್ಳಿ. ಗಿರಾಕಿ ಕೇಳಿದರೆ ತೋರಿಸಬಲ್ಲ, ಕೂಲಿಯಾಳು ಕೇಳಿದರೆ ವಿವರಿಸಬಲ್ಲ, ಅಧಿಕಾರಿ ಕೇಳಿದರೆ ಒಪ್ಪಿಸಬಲ್ಲ, ಮನೆಯವರು ತೆರೆದರೆ ಅರ್ಥವಾಗಬಲ್ಲ ಲೆಕ್ಕವು ನಮ್ಮದಾಗಲಿ. ಸುಂಕದ ಕಟ್ಟೆಯಿಂದ ಎದ್ದು ಬಂದ ಸಂತ ಮತ್ತಾಯರು ನಮ್ಮ ಅಂಗಡಿ, ತೋಟ, ಕಾರ್ಯಾಲಯಗಳಿಗಾಗಿ ಪ್ರಾರ್ಥಿಸಲಿ. ಆಮೆನ್.